ಚಿತ್ರಕ್ಕೆ ಮೊದಲಿನ ಗೆರೆ

ಓದುಗರ ಪ್ರಶ್ನೆ – ಚಿತ್ರಕಲೆ

ಕಳೆದ ಸಂಚಿಕೆಯಲ್ಲಿ ಹದಿನಾರನೆಯ ಶತಮಾನದ ಭಾವಚಿತ್ರಕಾರ ಹಾನ್ಸ್ ಹೋಲ್ಬೈನನ ಎರಡು ಕೃತಿಗಳನ್ನು ಪಕ್ಕಪಕ್ಕದಲ್ಲಿ ಅಚ್ಚು ಹಾಕಿದ್ದೆವು. ಎರಡರಲ್ಲಿಯೂ ಇದ್ದವನು ಇಂಗ್ಲೆಂಡಿನ ವಿದ್ವಾಂಸ ಮತ್ತು ರಾಜನೀತಿಜ್ಞ ಥಾಮಸ್ ಮೋರ್. ಒಂದು ವಿಂಡ್ಸರ್ ಅರಮನೆಯ ಸಂಗ್ರಹದಲ್ಲಿರುವ, ಕಪ್ಪು ಮತ್ತು ಬಣ್ಣದ ಚಾಕ್‌ನಿಂದ ಬರೆದ ರೇಖಾಚಿತ್ರ. ಇನ್ನೊಂದು ಅದನ್ನು ಆಧರಿಸಿ 1527ರಲ್ಲಿ ಓಕ್ ಮರದ ಹಲಗೆಯ ಮೇಲೆ ಬರೆದ ತೈಲವರ್ಣ, ಈಗ ನ್ಯೂಯಾರ್ಕಿನ ಫ್ರಿಕ್ ಸಂಗ್ರಹದಲ್ಲಿರುವಂಥದ್ದು. ಆ ಪುಟವನ್ನು ನೋಡಿ ಬಂದ ಪತ್ರಗಳಲ್ಲಿ ಆರನ್ನು ಆರಿಸಿಕೊಂಡು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ತೈಲವರ್ಣವೇ ಪೂರ್ಣವಾಗಿ ನಮ್ಮ ಕಣ್ಣ ಮುಂದೆ ಇರುವಾಗ ಅದರ ಕರಡನ್ನು ಏಕೆ ನೋಡಬೇಕು? ಕವನವನ್ನು ಓದುವವರು ಕವಿ ಹೊಡೆದುಹಾಕಿದ ಸಾಲುಗಳನ್ನು ತೋರಿಸಿ ಎಂದು ಕೇಳುವುದಿಲ್ಲವಲ್ಲ? – ಧಾರವಾಡದ ಓದುಗರು

ರೇಖಾಚಿತ್ರವೆಂದರೆ ಇನ್ನೂ ಮುಗಿಯದ ವರ್ಣಚಿತ್ರ ಎಂಬ ಎಣಿಕೆಯಿಂದ ತಮ್ಮ ಪ್ರಶ್ನೆ ಹುಟ್ಟಿದಂತಿದೆ. ಹೋಲ್ಬೈನನ ಮಟ್ಟಿಗೆ ಆ ಎಣಿಕೆ ಹೊಂದುವುದಿಲ್ಲ. ಆತನ ಎದುರಿಗೆ ಜೀವಂತ ವ್ಯಕ್ತಿಯೊಬ್ಬ ಕುಳಿತಿದ್ದದ್ದು ರೇಖಾಚಿತ್ರದ ಹೊತ್ತಿನಲ್ಲಿ. ತೈಲವರ್ಣದ ಕೆಲಸ ಬಹುಪಾಲು ಆಮೇಲೆ, ಆ ವ್ಯಕ್ತಿಯ ಗೈರುಹಾಜರಿಯಲ್ಲಿ, ಕಾಗದವನ್ನು ಮುಂದಿಟ್ಟುಕೊಂಡು ನಡೆಯುತ್ತಿತ್ತು. ಹಾಗಾಗಿ ಚಿತ್ರಕಾರನಿಗೂ ಚಿತ್ರಕ್ಕೆ ಕುಳಿತವರಿಗೂ ನಡುವೆ ನಡೆದ ಭೇಟಿಗೆ ಉಳಿದಿರುವ ನೇರ ಸಾಕ್ಷಿಯೆಂದರೆ ಆ ಕಾಗದವೇ. ಕವನದ ಕರಡಿಗೆ ಇದನ್ನು ಹೋಲಿಸುವುದಕ್ಕಿಂತ, ಹೊಲದಲ್ಲಿ ನಿಂತು ಸರ್ವೆ ಮಾಡುವವರು ಸ್ಥಳದಲ್ಲಿಯೇ ಬರೆದುಕೊಳ್ಳುವ ಪುಸ್ತಕಕ್ಕೆ ಹೋಲಿಸಿದರೆ ಹೆಚ್ಚು ಸರಿಯಾದೀತು. ನಕ್ಷೆ ಎಷ್ಟೇ ಅಚ್ಚುಕಟ್ಟಾಗಿ ಬಂದರೂ ಅಳತೆ ನಡೆದದ್ದು ಹೊಲದಲ್ಲಿ.

ಈ ಭೇಟಿಗೆ ಎಷ್ಟು ಕಾಲ ಸಿಗುತ್ತಿತ್ತೆಂಬುದಕ್ಕೆ ಒಂದು ಖಚಿತವಾದ ದಾಖಲೆಯಿದೆ. ಮೂರನೆಯ ರಾಣಿ ಜೇನ್ ಸೀಮೋರ್ 1537ರ ಅಕ್ಟೋಬರಿನಲ್ಲಿ ತೀರಿಕೊಂಡ ಮೇಲೆ ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿಗೆ ಹೊಸ ಸಂಬಂಧ ಹುಡುಕುವ ಕೆಲಸ ಶುರುವಾಯಿತು. ಮಿಲಾನಿನ ಡ್ಯೂಕನ ವಿಧವೆ, ಡೆನ್ಮಾರ್ಕಿನ ಕ್ರಿಸ್ಟೀನಾ ಆಗ ಬ್ರಸೆಲ್ಸ್‌ನಲ್ಲಿದ್ದಳು, ವಯಸ್ಸು ಹದಿನಾರು. ಅವಳ ರೂಪವನ್ನು ಬರೆದು ತರಲು ಹೋಲ್ಬೈನನನ್ನು ಕಳಿಸಲಾಯಿತು. 1538ರ ಮಾರ್ಚ್ 12ರಂದು ಮಧ್ಯಾಹ್ನ ಒಂದು ಗಂಟೆಯಿಂದ ನಾಲ್ಕರವರೆಗೆ, ಅಂದರೆ ಮೂರೇ ಮೂರು ಗಂಟೆಗಳ ಕಾಲ, ಅವಳು ಅವನೆದುರು ಇದ್ದಳು. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಇಂದು ನಾವು ಕಾಣುವ, ಕಪ್ಪು ಶೋಕವಸ್ತ್ರದಲ್ಲಿ ನಿಂತ ಹೆಚ್ಚುಕಡಿಮೆ ಆಳೆತ್ತರದ ಚಿತ್ರದ ಹಿಂದಿರುವುದು ಆ ಮೂರು ಗಂಟೆ. ಅಂದು ಬರೆದ ರೇಖಾಚಿತ್ರ ಉಳಿದು ಬಂದಿಲ್ಲ.

ಹೀಗೆ ಅಳೆದು ಕೊಟ್ಟ ಕಾಲದಲ್ಲಿ ಚಿತ್ರಕಾರನೊಬ್ಬ ಯಾವುದನ್ನು ಮೊದಲು ನೋಡಿದ, ಯಾವುದನ್ನು ಆಮೇಲಕ್ಕೆ ಬಿಟ್ಟ ಎಂಬುದನ್ನು ವಿಂಡ್ಸರಿನಲ್ಲಿ ಉಳಿದಿರುವ ಸುಮಾರು 80 ರೇಖಾಚಿತ್ರಗಳು ಮುಚ್ಚುಮರೆಯಿಲ್ಲದೆ ತೋರಿಸುತ್ತವೆ. ಮುಖದ ಮೇಲೆ ಆತನ ಗಮನವೆಲ್ಲ ನೆಟ್ಟಿದೆ: ಕಣ್ಣರೆಪ್ಪೆಯ ಅಂಚು, ಮೂಗಿನ ಹೊಳ್ಳೆಯ ತಿರುವು, ತುಟಿಗಳೆರಡು ಕೂಡುವ ಗೆರೆ, ಟೋಪಿಯ ಕೆಳಗಿನಿಂದ ಕೂದಲು ಹೊರಬರುವ ಜಾಗ. ಕೊರಳಿನಿಂದ ಕೆಳಗೆ ಇಳಿದರೆ ಗೆರೆಗಳು ವಿರಳವಾಗುತ್ತವೆ. ಭುಜಕ್ಕೆ ಒಂದು ಗೆರೆ, ಅಂಗಿಯ ಮಡಿಕೆಗೆ ಎರಡು, ತುಪ್ಪಳದ ಕಾಲರಿಗೆ ನಾಲ್ಕಾರು ಗೀಟು; ಅಷ್ಟರಲ್ಲಿ ಮುಗಿದಿರುತ್ತದೆ. ಉಳಿದದ್ದನ್ನು ಆತ ಬರೆಯುವುದಿಲ್ಲ, ಅಕ್ಷರಗಳಲ್ಲಿ ಗುರುತು ಮಾಡಿಕೊಳ್ಳುತ್ತಾನೆ. ವಿಲಿಯಂ ಪಾರ್ ಎಂಬ ಗಣ್ಯನ ರೇಖಾಚಿತ್ರದಲ್ಲಿ ಉಡುಪಿನ ಮೇಲೆಯೇ ಬಿಳಿ ವೆಲ್ವೆಟ್, ನೇರಳೆ ವೆಲ್ವೆಟ್, ಬಿಳಿ ಸ್ಯಾಟಿನ್ ಎಂಬ ಅರ್ಥದ ಮಾತುಗಳಿವೆ. ಒಡವೆಗಳ ವಿನ್ಯಾಸವನ್ನು ಪಕ್ಕದ ಖಾಲಿ ಜಾಗದಲ್ಲಿ ಬೇರೆಯಾಗಿ ಬಿಡಿಸಿಕೊಂಡಿದ್ದಾನೆ. ಟಿಪ್ಪಣಿಗಳೆಲ್ಲ ಜರ್ಮನ್ ಭಾಷೆಯಲ್ಲಿವೆ. ಆಗ್ಸ್‌ಬರ್ಗ್‌ನಲ್ಲಿ ಹುಟ್ಟಿ, ಬಾಸೆಲ್‌ನಲ್ಲಿ ಕೆಲಸ ಮಾಡಿ ಲಂಡನ್ನಿಗೆ ಬಂದ ಮನುಷ್ಯ ಇಂಗ್ಲಿಷರ ನಡುವೆ ಕುಳಿತು ತನ್ನ ಊರಿನ ನುಡಿಯಲ್ಲಿ ಬರೆದುಕೊಂಡದ್ದನ್ನು ನೋಡಿದರೆ, ಈ ಹಾಳೆಗಳು ಬೇರೆಯವರ ಕಣ್ಣಿಗಾಗಿ ಇದ್ದಂಥವಲ್ಲ ಎಂಬುದು ತಿಳಿಯುತ್ತದೆ.

ಬಟ್ಟೆಯ ಬಣ್ಣವನ್ನು ಮಾತಿನಲ್ಲಿ ಬರೆದಿಟ್ಟರೆ ಮನೆಗೆ ಹೋದ ಮೇಲೂ ಅದು ಕೆಲಸಕ್ಕೆ ಬರುತ್ತದೆ. ಮೇಲ್ದುಟಿಯ ಅಂಚು ಮಾತಿನಲ್ಲಿ ನಿಲ್ಲುವುದಿಲ್ಲ. ಅದನ್ನು ಅಲ್ಲಿಯೇ, ಆಗಲೇ ಗೆರೆಯಲ್ಲಿ ಹಿಡಿಯಬೇಕು. ಹೋಲ್ಬೈನನ ಶ್ರಮವಿಭಾಗ ನಿಂತಿರುವುದು ಈ ತಿಳಿವಳಿಕೆಯ ಮೇಲೆ. ಇದಕ್ಕೆ ಹೊರತಾದ ಒಂದು ಉದಾಹರಣೆ ನನಗೆ ಬಹಳ ಪ್ರಿಯವಾದದ್ದು. ರಿಚರ್ಡ್ ಸೌತ್‌ವೆಲ್ ಎಂಬ ಅಧಿಕಾರಿಯ ರೇಖಾಚಿತ್ರದಲ್ಲಿ, ಮುಖದ ಪಕ್ಕದಲ್ಲಿಯೇ, ಕಣ್ಣುಗಳು ತುಸು ಹಳದಿ ಎಂಬರ್ಥದ ಒಂದು ಟಿಪ್ಪಣಿ ಇದೆ. ಕೈಯಲ್ಲಿದ್ದ ಚಾಕ್‌ಗಳಿಂದ ಆ ಛಾಯೆಯನ್ನು ತರಲಾಗದೆ ಹೋಗಿರಬೇಕು, ಆದರೆ ಕಂಡದ್ದನ್ನು ಬಿಟ್ಟುಬಿಡಲು ಆತನಿಗೆ ಮನಸ್ಸಾಗಲಿಲ್ಲ. ಆ ಮನುಷ್ಯನ ಕೊರಳಿನ ಗಾಯದ ಕಲೆಗಳನ್ನೂ ಆತ ಬಿಟ್ಟಿಲ್ಲ. ಮುಂದೆ 1536ರಲ್ಲಿ ಮುಗಿದ ತೈಲವರ್ಣ ಈಗ ಫ್ಲಾರೆನ್ಸಿನ ಉಫಿಜಿಯಲ್ಲಿದೆ.

ಒಬ್ಬನೇ ಕಲಾವಿದನ ಹಾಳೆಗಳನ್ನು ವರ್ಷಾನುಕ್ರಮವಾಗಿ ಜೋಡಿಸಿದರೆ ಆತನ ಜೀವನದ ಒತ್ತಡಗಳೂ ಕಾಣತೊಡಗುತ್ತವೆ. 1516ರಲ್ಲಿ, ಇನ್ನೂ ಇಪ್ಪತ್ತು ತುಂಬದ ಹೋಲ್ಬೈನ್ ಬಾಸೆಲ್ ನಗರದ ಮೇಯರ್ ಯಾಕೋಬ್ ಮೇಯರ್ ಮತ್ತು ಅವನ ಹೆಂಡತಿಯ ಮುಖಗಳನ್ನು ಬೆಳ್ಳಿಯ ಮೊನೆಯಿಂದ ಬರೆದ. ಬೆಳ್ಳಿಯ ಮೊನೆಯ ಗೆರೆ ಎಷ್ಟು ನಾಜೂಕೋ ಅಷ್ಟೇ ಹಠಮಾರಿ. ಒಮ್ಮೆ ಮೂಡಿದರೆ ಸುಲಭವಾಗಿ ಅಳಿಯುವುದಿಲ್ಲ. ಹತ್ತು ವರ್ಷಗಳ ಬಳಿಕ, 1526ರಿಂದ 1528ರವರೆಗಿನ ಮೊದಲ ಇಂಗ್ಲೆಂಡ್ ವಾಸದಲ್ಲಿ, ಆತ ಬಿಳಿಯ ಕಾಗದದ ಮೇಲೆ ಬಣ್ಣದ ಚಾಕ್‌ನಿಂದ ಬರೆಯುತ್ತಿದ್ದ. ಹಾಳೆಗಳು ದೊಡ್ಡವು, ಮುಖದ ಮೈಬಣ್ಣವನ್ನು ತಾಳ್ಮೆಯಿಂದ ತುಂಬಿದ್ದಾನೆ. 1532ರಲ್ಲಿ ಮರಳಿ ಬಂದ ಮೇಲೆ ಹಾಳೆಗಳು ಚಿಕ್ಕವಾದವು ಮತ್ತು ಅವುಗಳಿಗೆ ಮೊದಲೇ ಎಳೆಗೆಂಪು ಬಣ್ಣದ ಲೇಪ ಬಿತ್ತು. ಮೈಬಣ್ಣ ಹಾಳೆಯಲ್ಲಿಯೇ ಸಿದ್ಧವಾಗಿರುವಾಗ ಅದನ್ನು ತುಂಬುವ ಕೆಲಸ ತಪ್ಪಿತು. ಕೆನ್ನೆಯ ಮೇಲೆ ಸ್ವಲ್ಪ ಕೆಂಪು, ಕಣ್ಣಿನ ಬಳಿ ಸ್ವಲ್ಪ ಕಪ್ಪು ಹಚ್ಚಿದರೆ ಮುಖ ಎದ್ದು ನಿಲ್ಲುತ್ತಿತ್ತು. ಆ ವೇಳೆಗೆ ಅರಮನೆಯ ಗಣ್ಯರು ಸಾಲಾಗಿ ಬರುತ್ತಿದ್ದರು. ಕೆಲಸದ ಹೊರೆ ಒಬ್ಬ ಕಲಾವಿದನ ಕೈಯನ್ನು ಕೆಡಿಸಲೂಬಹುದು, ಹದಗೊಳಿಸಲೂಬಹುದು. ಇಲ್ಲಿ ಹದಗೊಳಿಸಿದೆ ಎಂಬುದು ನನ್ನ ಅಭಿಪ್ರಾಯ. ಗುಲಾಬಿ ಹಾಳೆಯ ಮೇಲಿನ ಕೆಲವು ಮುಖಗಳಲ್ಲಿ ಎಣಿಸಬಹುದಾದಷ್ಟೇ ಗೆರೆಗಳಿದ್ದು, ಅವುಗಳಲ್ಲಿ ಒಂದನ್ನು ತೆಗೆದರೂ ಆ ಮನುಷ್ಯ ಇನ್ನೊಬ್ಬನಾಗಿಬಿಡುತ್ತಾನೆ.

ಪ್ರಶ್ನೆ: ಮೋರ್‌ನ ರೇಖಾಚಿತ್ರದಲ್ಲಿ ಗೆರೆಗಳ ಉದ್ದಕ್ಕೂ ಸಣ್ಣ ತೂತುಗಳಿವೆಯೆಂದು ಬರೆದಿದ್ದೀರಿ. ಹಾಗಾದರೆ ಆತ ಮುಖವನ್ನು ಅಚ್ಚು ತೆಗೆದನೇ? ನನ್ನ ವಿದ್ಯಾರ್ಥಿಗಳು ಟ್ರೇಸ್ ಮಾಡಿದರೆ ನಾನು ಅಂಕ ಕಡಿಮೆ ಮಾಡುತ್ತೇನೆ. – ಶಿವಮೊಗ್ಗದ ಚಿತ್ರಕಲಾ ಶಿಕ್ಷಕಿಯೊಬ್ಬರು

ಹೌದು, ಅಚ್ಚು ತೆಗೆದದ್ದೇ. ತಗಡಿನ ರಂಗೋಲಿ ಅಚ್ಚನ್ನು ನೆನಪಿಸಿಕೊಳ್ಳಿ: ತೂತುಗಳಿರುವ ತಗಡನ್ನು ನೆಲಕ್ಕೆ ಇಟ್ಟು ಪುಡಿ ಸವರಿದರೆ ಚುಕ್ಕೆಗಳಲ್ಲಿ ಚಿತ್ರ ಇಳಿಯುತ್ತದೆ. ಮೋರ್‌ನ ಹಾಳೆಯಲ್ಲಿ ಮುಖ್ಯ ಗೆರೆಗಳ ಉದ್ದಕ್ಕೂ ಸೂಜಿಯಿಂದ ಚುಚ್ಚಿದ್ದಾರೆ; ಆ ತೂತುಗಳ ಮೂಲಕ ಇದ್ದಿಲ ಪುಡಿಯನ್ನು ಹಾಯಿಸಿದರೆ ಕೆಳಗಿನ ಮೇಲ್ಮೈಯಲ್ಲಿ ಚುಕ್ಕೆಗಳ ಸಾಲು ಮೂಡುತ್ತದೆ, ಅವನ್ನು ಕೂಡಿಸಿದರೆ ಮುಖದ ಆಕಾರ ಸಿಗುತ್ತದೆ. ಸೀರೆಯ ಮೇಲೆ ಕಸೂತಿಗೆ ಮುನ್ನ ವಿನ್ಯಾಸ ಇಳಿಸುವವರು ಈಗಲೂ ಇದೇ ಬಗೆಯಲ್ಲಿ ಚುಚ್ಚಿದ ಕಾಗದವನ್ನು ಬಳಸುತ್ತಾರೆ. ಹೋಲ್ಬೈನನ ಬಹುಪಾಲು ಹಾಳೆಗಳಲ್ಲಿ ಮಾತ್ರ ತೂತುಗಳಿಲ್ಲ. ಅಲ್ಲಿ ಆತ ಒಂದು ಬದಿಗೆ ಕರಿ ಸವರಿದ ಇನ್ನೊಂದು ಕಾಗದವನ್ನು ರೇಖಾಚಿತ್ರಕ್ಕೂ ಹಲಗೆಗೂ ನಡುವೆ ಇಟ್ಟು, ಮೇಲಿನಿಂದ ಮೊನಚಾದ ಕಡ್ಡಿಯಿಂದ ಗೆರೆಗಳನ್ನು ಒತ್ತಿ ತಿದ್ದಿರಬೇಕೆಂದು ತಜ್ಞರು ತರ್ಕಿಸಿದ್ದಾರೆ. ಹಳೆಯ ಕಚೇರಿಗಳಲ್ಲಿ ಟೈಪ್ ಮಾಡುವಾಗ ಬಳಸುತ್ತಿದ್ದ ಕಾರ್ಬನ್ ಕಾಗದದ ಉಪಾಯವೇ ಇದು. ರೇಖಾಚಿತ್ರದ ಮುಖವೂ ಹಲಗೆಯ ಮೇಲಿನ ಮುಖವೂ ಅಳತೆಯಲ್ಲಿ ಒಂದಕ್ಕೊಂದು ಹೊಂದುವುದು ಈ ತರ್ಕಕ್ಕೆ ಒಂದು ಆಧಾರ. ತೈಲವರ್ಣವನ್ನು ಇನ್‌ಫ್ರಾರೆಡ್ ಕಿರಣಗಳಲ್ಲಿ ಪರೀಕ್ಷಿಸಿದಾಗ ಬಣ್ಣದ ಪದರಗಳ ಕೆಳಗೆ ಕಾಣುವ ಗೆರೆಗಳು ಇನ್ನೊಂದು ಆಧಾರ.

ತಮ್ಮ ಅಂಕದ ಪ್ರಶ್ನೆಗೆ ಬರುತ್ತೇನೆ. ತಮ್ಮ ವಿದ್ಯಾರ್ಥಿ ಬೇರೆ ಯಾರೋ ಬರೆದ ಚಿತ್ರವನ್ನೋ ಫೋಟೊವನ್ನೋ ಟ್ರೇಸ್ ಮಾಡಿದರೆ ನೋಡುವ ಕೆಲಸವನ್ನು ಬೇರೆಯವರಿಗೆ ಬಿಟ್ಟುಕೊಟ್ಟ ಹಾಗಾಯಿತು. ಅಲ್ಲಿ ಅಂಕ ಕಳೆಯುವುದು ನ್ಯಾಯ. ಹೋಲ್ಬೈನ್ ತಾನೇ ನೋಡಿ, ತಾನೇ ಬರೆದ ಗೆರೆಯನ್ನು ಒಂದು ಮೇಲ್ಮೈಯಿಂದ ಇನ್ನೊಂದಕ್ಕೆ ಸಾಗಿಸಿದ. ಎರಡನೆಯ ಬಾರಿ ಕಣ್ಣಂದಾಜಿನಿಂದ ಬರೆಯಲು ಹೋಗಿದ್ದರೆ ಮೊದಲ ಭೇಟಿಯಲ್ಲಿ ಗಳಿಸಿದ ನಿಖರತೆ ಸೋರಿಹೋಗುತ್ತಿತ್ತು. ಅಚ್ಚು ತೆಗೆಯುವ ಪದ್ಧತಿ ನಮಗೆ ಹೇಳುವುದು ಇಷ್ಟು: ಮುಖದ ಬಗ್ಗೆ ತೀರ್ಮಾನವಾದದ್ದು ಕಾಗದದ ಮೇಲೆ. ಹಲಗೆಯ ಮೇಲೆ ಬೆಳಕು, ಚರ್ಮದ ನುಣುಪು, ಮೋರ್‌ನ ತೋಳಿನ ಕೆಂಪು ವೆಲ್ವೆಟ್ಟಿನ ಹೊಳಪು, ಕೊರಳ ಸರದ ಭಾರ ಇವೆಲ್ಲ ಸೇರಿದವು. ಆ ಕೌಶಲ ಅಸಾಧಾರಣವಾದದ್ದು, ನಾನು ಅದನ್ನು ಕಿರಿದು ಮಾಡುತ್ತಿಲ್ಲ. ಆದರೆ ಇವನು ಯಾರು ಎಂಬ ಪ್ರಶ್ನೆಗೆ ಆ ವೇಳೆಗೆ ಉತ್ತರ ಸಿಕ್ಕಿಯಾಗಿತ್ತು.

ಹಾಳೆಗಳನ್ನು ಆತ ಎಸೆಯದೆ ಇಟ್ಟುಕೊಂಡದ್ದಕ್ಕೂ ಇದೇ ಕಾರಣ. ಜೇನ್ ಸೀಮೋರ್‌ಳ ಒಂದು ರೇಖಾಚಿತ್ರ ವಿಂಡ್ಸರಿನಲ್ಲಿದೆ. ಅದೇ ಮುಖ ಈಗ ವಿಯೆನ್ನಾದಲ್ಲಿರುವ ತೈಲವರ್ಣದಲ್ಲಿಯೂ, ಲಂಡನ್ನಿನ ವೈಟ್‌ಹಾಲ್ ಅರಮನೆಯ ಗೋಡೆಯ ಮೇಲೆ 1537ರಲ್ಲಿ ಮೂಡಿದ ರಾಜಕುಟುಂಬದ ದೊಡ್ಡ ಚಿತ್ರದಲ್ಲಿಯೂ ಕಾಣಿಸಿಕೊಂಡಿತು. ರಾಣಿಯನ್ನು ಮತ್ತೆ ಮತ್ತೆ ಕೂರಿಸುವ ಅಗತ್ಯ ಬೀಳಲಿಲ್ಲ.

ಪ್ರಶ್ನೆ: ಅರಮನೆಯ ಚಿತ್ರಕಾರರು ಒಡೆಯರನ್ನು ಮೆಚ್ಚಿಸಲು ರೂಪವನ್ನು ತಿದ್ದುತ್ತಿದ್ದರೆಂದು ಕೇಳಿದ್ದೇನೆ. ರೇಖಾಚಿತ್ರದಲ್ಲಿ ಇರುವುದು ನಿಜವಾದ ಮುಖ, ತೈಲವರ್ಣದಲ್ಲಿ ಇರುವುದು ತಿದ್ದಿದ ಮುಖ ಎಂದು ತಿಳಿಯಬಹುದೇ? – ಬೆಂಗಳೂರಿನ ಓದುಗರು

ಕೆಲವು ಕಡೆ ಹಾಗೆಯೇ ತೋರುತ್ತದೆ. ರಾಜಮನೆತನದ ಆಡಳಿತದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಹೆನ್ರಿ ಗಿಲ್ಡ್‌ಫರ್ಡನ ರೇಖಾಚಿತ್ರವನ್ನೂ 1527ರ ತೈಲವರ್ಣವನ್ನೂ ಜೊತೆಗಿಟ್ಟು ನೋಡಿದರೆ, ಕಾಗದದ ಮೇಲೆ ಅಗಲವಾಗಿ ದುಂಡಗಿದ್ದ ಮುಖ ಹಲಗೆಯ ಮೇಲೆ ಉದ್ದವಾಗಿ, ಕಿರಿದಾಗಿ, ಗಂಭೀರವಾಗಿ ಬಂದಿದೆ. ಅಚ್ಚು ತೆಗೆಯುವ ಕಲಾವಿದನಲ್ಲಿ ಇಂಥ ವ್ಯತ್ಯಾಸ ಕೈತಪ್ಪಿನಿಂದ ಬರುವುದಿಲ್ಲ, ಬೇಕೆಂದೇ ಮಾಡಿದ್ದು. ಹೊನ್ನಿನ ಸರ, ಜರಿಯ ಉಡುಪು, ಕೈಯಲ್ಲಿ ಅಧಿಕಾರದ ಕೋಲು ಇರುವ ಮನುಷ್ಯನಿಗೆ ಆ ಮುಖ ಒಪ್ಪುತ್ತದೆಂದು ಕಲಾವಿದನಿಗೆ ಅನಿಸಿತೋ, ಚಿತ್ರ ಮಾಡಿಸಿದವನು ಬಯಸಿದನೋ, ಎರಡೂ ಕೂಡಿತೋ, ಬದಲಾವಣೆಯಂತೂ ಕಣ್ಣಿಗೆ ಕಾಣುವಂತಿದೆ.

ಆದರೆ ಬದಲಾವಣೆಗಳೆಲ್ಲ ಮುಖಸ್ತುತಿಯಲ್ಲ. ಸೈಮನ್ ಜಾರ್ಜ್ ಎಂಬ ಯುವಕನ ರೇಖಾಚಿತ್ರದಲ್ಲಿ ಆಗತಾನೆ ಚಿಗುರಿದ ಕುರುಚಲು ಗಡ್ಡವಿದೆ. ಫ್ರಾಂಕ್‌ಫರ್ಟಿನಲ್ಲಿರುವ ತೈಲವರ್ಣದಲ್ಲಿ ಗಡ್ಡ ತುಂಬಿಕೊಂಡಿದೆ. ತೈಲವರ್ಣದಲ್ಲಿಯೂ ಮೊದಲು ರೇಖಾಚಿತ್ರದಂತೆ ಬರೆದು ಆಮೇಲೆ ಬದಲಿಸಿದ್ದು ಪರೀಕ್ಷೆಯಿಂದ ತಿಳಿದುಬಂದಿದೆ. ಬಾಸೆಲ್‌ನ ಅದೇ ಯಾಕೋಬ್ ಮೇಯರ್ 1526ರ ಸುಮಾರಿಗೆ ತನ್ನ ಕುಟುಂಬವನ್ನು ಮೇರಿ ಮಾತೆಯ ಎದುರು ಮೊಣಕಾಲೂರಿಸಿ ಒಂದು ದೊಡ್ಡ ಚಿತ್ರ ಮಾಡಿಸಿದ. ಅದಕ್ಕಾಗಿ ಬರೆದ ಮಗಳು ಆನಾಳ ರೇಖಾಚಿತ್ರದಲ್ಲಿ ಕೂದಲು ಬೆನ್ನಿನ ಮೇಲೆ ಇಳಿಬಿದ್ದಿದೆ. ಚಿತ್ರದಲ್ಲಿ ಅದೇ ಹುಡುಗಿಯ ಕೂದಲನ್ನು ಹೆಣೆದು ಕಟ್ಟಿ ತಲೆಗೆ ಅಲಂಕಾರ ತೊಡಿಸಿದೆ. ಕೆಳಗಿನ ಪದರದಲ್ಲಿ ಇಳಿಬಿಟ್ಟ ಕೂದಲು ಇನ್ನೂ ಇದೆ. ಚಿತ್ರದ ಕೆಲಸ ನಡೆಯುತ್ತಿದ್ದಾಗ ಹುಡುಗಿ ಮದುವೆಯ ವಯಸ್ಸಿಗೆ ಬಂದಳೆಂದು ವಿದ್ವಾಂಸರು ಇದನ್ನು ಅರ್ಥೈಸುತ್ತಾರೆ. ಮೊದಲ ದಿನದ ಹಾಳೆ ಉಳಿಯದೆ ಹೋಗಿದ್ದರೆ ನಮಗೆ ತಲೆ ಕಟ್ಟಿದ ಆನಾ ಒಬ್ಬಳೇ ಗೊತ್ತಿರುತ್ತಿದ್ದಳು. ನಡುವೆ ಕಳೆದ ಕಾಲವನ್ನು ನಮಗೆ ತೋರಿಸಿದ್ದು ಆ ಹಾಳೆ.

ವೈಟ್‌ಹಾಲಿನ ಗೋಡೆಚಿತ್ರದ ವಿಷಯ ಇನ್ನೂ ಸ್ವಾರಸ್ಯದ್ದು. ಅರಮನೆ 1698ರಲ್ಲಿ ಬೆಂಕಿಗೆ ಆಹುತಿಯಾಯಿತು, ಚಿತ್ರವೂ ಹೋಯಿತು. ಅದಕ್ಕಾಗಿ ಮಾಡಿದ ನಿಜ ಅಳತೆಯ ಕಾಗದದ ಮಾದರಿಯ ಎಡಭಾಗ ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿದೆ. ಹಲವಾರು ಹಾಳೆಗಳನ್ನು ಅಂಟಿಸಿ ಮಾಡಿದ, ಎರಡೂವರೆ ಮೀಟರಿಗೂ ಎತ್ತರದ ಅದರಲ್ಲಿ ಎಂಟನೆಯ ಹೆನ್ರಿ ತನ್ನ ತಂದೆಯ ಮುಂದೆ ಕಾಲಗಲಿಸಿ ನಿಂತಿದ್ದಾನೆ. ಮಾದರಿಯಲ್ಲಿ ದೊರೆಯ ಮುಖ ತುಸು ಪಕ್ಕಕ್ಕೆ ತಿರುಗಿದೆ. ಬೆಂಕಿ ಬೀಳುವ ಮುನ್ನ, 1667ರಲ್ಲಿ, ಗೋಡೆಚಿತ್ರವನ್ನು ನೋಡಿ ಮಾಡಿದ ಚಿಕ್ಕ ನಕಲಿನಲ್ಲಿ ಆತ ನೇರವಾಗಿ ನೋಡುವವರ ಕಣ್ಣಿಗೆ ಕಣ್ಣಿಟ್ಟಿದ್ದಾನೆ. ಮಾದರಿ ಸಿದ್ಧವಾದ ಮೇಲೂ ತಲೆಯನ್ನು ತಿರುಗಿಸುವ ತೀರ್ಮಾನ ಆಗಿದೆ. ಇಂದು ಹೆನ್ರಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವ ಆ ಎದುರುನೋಟ ಕೊನೆಯ ಹಂತದಲ್ಲಿ ಹೊಳೆದದ್ದು ಎಂಬುದು ಆ ಹಳೆಯ ಕಾಗದವಿಲ್ಲದಿದ್ದರೆ ನಮಗೆ ತಿಳಿಯುತ್ತಲೇ ಇರಲಿಲ್ಲ.

ರೇಖಾಚಿತ್ರವೆಂದರೆ ನಿಜ, ವರ್ಣಚಿತ್ರವೆಂದರೆ ಅಲಂಕಾರ ಎಂದು ಗೆರೆ ಎಳೆಯಲು ಹಾಗಾಗಿ ನಾನು ಹಿಂಜರಿಯುತ್ತೇನೆ. ಕಾಗದದ ಮೇಲೂ ಆಯ್ಕೆ ಇದೆ: ತಲೆ ಎಷ್ಟು ತಿರುಗಬೇಕು, ಯಾವ ಸುಕ್ಕನ್ನು ಬರೆಯಬೇಕು, ಯಾವುದನ್ನು ಬಿಡಬೇಕು ಎಂಬುದನ್ನೆಲ್ಲ ಅಲ್ಲಿಯೂ ಒಬ್ಬ ಮನುಷ್ಯ ನಿರ್ಧರಿಸಿದ್ದಾನೆ. ಎರಡರ ನಡುವಿನ ಅಂತರವನ್ನು ನೋಡಿದಾಗ ಕಲಾವಿದನ ಮನಸ್ಸು ಓಡಿದ ದಿಕ್ಕು ಗೊತ್ತಾಗುತ್ತದೆ. ಆ ಅಂತರವನ್ನು ಅಳೆಯಲು ಕಾಗದ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕ್ಲೀವ್ಸ್‌ನ ಆನ್‌ಳ ಪ್ರಸಂಗವೇ ಸಾಕು. ಮದುವೆಗೆ ಮುನ್ನ ಹೆನ್ರಿಗೆ ತೋರಿಸಲೆಂದು 1539ರಲ್ಲಿ ಹೋಲ್ಬೈನ್ ಬರೆದ ಅವಳ ಚಿತ್ರ ಈಗ ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ. 1540ರ ಜನವರಿಯಲ್ಲಿ ಮದುವೆಯಾಯಿತು, ಹೆನ್ರಿಗೆ ಅವಳು ಹಿಡಿಸಲಿಲ್ಲ, ಅದೇ ಜುಲೈನಲ್ಲಿ ಮದುವೆ ರದ್ದಾಯಿತು. ಚಿತ್ರಕಾರ ಸುಳ್ಳು ಬರೆದನೆಂಬ ಮಾತು ಆಮೇಲೆ ಹಬ್ಬಿಕೊಂಡು ಬಂದಿದೆ. ಆದರೆ ಆಕೆಯನ್ನು ಕಣ್ಣಾರೆ ಕಂಡಿದ್ದ ಇಂಗ್ಲೆಂಡಿನ ರಾಯಭಾರಿ ನಿಕೊಲಸ್ ವಾಟನ್, ಚಿತ್ರ ಜೀವಂತವಾಗಿ ಬಂದಿದೆಯೆಂದು ಆಗಲೇ ವರದಿ ಮಾಡಿದ್ದ. ಮೊದಲ ಹಾಳೆ ಕೈಯಲ್ಲಿಲ್ಲದೆ ಹೋಲ್ಬೈನನ ಮೇಲೆ ಅಪರಾಧ ಹೊರಿಸುವುದು ಸರಿಯಲ್ಲವೆಂಬುದು ನನ್ನ ದೃಢವಾದ ನಿಲುವು.

ಪ್ರಶ್ನೆ: ಒಬ್ಬೊಬ್ಬರ ಮುಖದ ಹಾಳೆಗಳ ಬಗ್ಗೆ ಬರೆದಿದ್ದೀರಿ. ಹಲವರು ಒಟ್ಟಿಗೆ ಇರುವ ಚಿತ್ರಕ್ಕೆ ಸಿದ್ಧತೆ ಹೇಗೆ ನಡೆಯುತ್ತಿತ್ತು? – ಉಡುಪಿಯ ಓದುಗರು

ಮೋರ್‌ನ ಕುಟುಂಬದ ಗುಂಪುಚಿತ್ರಕ್ಕೆ ಮಾಡಿದ ಸಿದ್ಧತೆಯೇ ಇದಕ್ಕೆ ಅತ್ಯುತ್ತಮ ಉದಾಹರಣೆ, ಮತ್ತು ನನ್ನ ಮಟ್ಟಿಗೆ ಹೋಲ್ಬೈನನ ಹಾಳೆಗಳಲ್ಲೆಲ್ಲ ಮನಸ್ಸಿಗೆ ಬಹಳ ಹತ್ತಿರವಾದದ್ದು. ಮೂಲ ಚಿತ್ರ ಬಟ್ಟೆಯ ಮೇಲೆ ಬರೆದದ್ದು; ಅದು ಈಗಿನ ಚೆಕ್ ದೇಶದ ಕ್ರೊಮೆರಿಜ್‌ನ ಅರಮನೆಯಲ್ಲಿ 1752ರ ಬೆಂಕಿಯಲ್ಲಿ ಸುಟ್ಟುಹೋಯಿತು. ಉಳಿದಿರುವುದು ಎರಡು ಬಗೆಯ ಸಿದ್ಧತೆ. ಒಂದು, ಕುಟುಂಬದ ಏಳು ಮಂದಿಯ ಬಿಡಿಬಿಡಿ ಮುಖಗಳ ಚಾಕ್ ರೇಖಾಚಿತ್ರಗಳು, ವಿಂಡ್ಸರಿನಲ್ಲಿರುವಂಥವು. ಇನ್ನೊಂದು, ಎಲ್ಲರೂ ಕೂಡಿರುವ ದೃಶ್ಯದ ಶಾಯಿಯ ಕರಡು, ಬಾಸೆಲ್‌ನಲ್ಲಿರುವಂಥದ್ದು. ಬಿಡಿ ಹಾಳೆಯಲ್ಲಿ ವ್ಯಕ್ತಿ, ಕೂಡು ಹಾಳೆಯಲ್ಲಿ ಸಂಬಂಧ. ಯಾರ ಪಕ್ಕದಲ್ಲಿ ಯಾರು ಕೂರಬೇಕು, ಯಾರ ದೃಷ್ಟಿ ಯಾರ ಕಡೆ ಹೋಗಬೇಕು, ಮನೆಯ ಹಿರಿಯರು ಎಲ್ಲಿರಬೇಕು ಎಂಬುದು ಮುಖದ ಹೋಲಿಕೆಗಿಂತ ಬೇರೆಯೇ ಆದ ಲೆಕ್ಕ.

ಈ ಕರಡಿನ ಮೇಲೆ ಇಬ್ಬರ ಬರವಣಿಗೆ ಇದೆ. ಹೆನ್ರಿಯ ಆಸ್ಥಾನದ ಖಗೋಳಜ್ಞ ನಿಕೊಲಾಸ್ ಕ್ರಾಟ್ಸರ್ ಒಬ್ಬೊಬ್ಬರ ಹೆಸರನ್ನೂ ವಯಸ್ಸನ್ನೂ ಲ್ಯಾಟಿನ್‌ನಲ್ಲಿ ಬರೆದಿದ್ದಾನೆ: ಮೋರ್‌ಗೆ 50, ಅವನ ತಂದೆಗೆ 76, ಹೀಗೆ. ಹೋಲ್ಬೈನನ ಟಿಪ್ಪಣಿಗಳು ಜರ್ಮನ್‌ನಲ್ಲಿವೆ, ಅವು ಬದಲಾಯಿಸಬೇಕಾದದ್ದನ್ನು ಹೇಳುತ್ತವೆ. ಬಲಗಡೆ ಮೊಣಕಾಲೂರಿ ಪ್ರಾರ್ಥಿಸುತ್ತಿರುವ ಮೋರ್‌ನ ಹೆಂಡತಿ ಆಲಿಸ್‌ಳ ಹತ್ತಿರ, ಈಕೆ ಕುಳಿತಿರಬೇಕು ಎಂದು ಬರೆದುಕೊಂಡಿದ್ದಾನೆ. ವಾದ್ಯಗಳು ಸಾಮಾನಿಡುವ ಹಲಗೆಯ ಮೇಲೆ ಇರಬೇಕೆಂದು ಇನ್ನೊಂದು ಕಡೆ ಇದೆ. ಕುಟುಂಬದವರಿಗೆ ಆತ ಕರಡನ್ನು ತೋರಿಸಿ, ಅವರ ಮಾತನ್ನು ಕೇಳಿ, ಅಲ್ಲಿಯೇ ಗುರುತು ಹಾಕಿಕೊಂಡ ಹಾಗೆ ಕಾಣುತ್ತದೆ. ಮಾತಿನಂತೆ ತಿದ್ದುಪಡಿಯೂ ಆಯಿತು: ರೋಲೆಂಡ್ ಲಾಕಿ ಎಂಬ ಚಿತ್ರಕಾರ 1590ರ ದಶಕದಲ್ಲಿ ಮಾಡಿದ, ಇಂಗ್ಲೆಂಡಿನ ನಾಸ್ಟೆಲ್‌ನಲ್ಲಿರುವ ನಕಲಿನಲ್ಲಿ ಆಲಿಸ್ ಕುರ್ಚಿಯ ಮೇಲೆ ಕುಳಿತಿದ್ದಾಳೆ.

1528ರಲ್ಲಿ ಊರಿಗೆ ಮರಳುವಾಗ ಹೋಲ್ಬೈನ್ ಈ ಕರಡನ್ನು ಬಾಸೆಲ್‌ನಲ್ಲಿದ್ದ ಮೋರ್‌ನ ಗೆಳೆಯ, ಮಹಾವಿದ್ವಾಂಸ ಎರಾಸ್ಮಸ್‌ನಿಗೆ ಒಯ್ದು ಕೊಟ್ಟ. ಮಾರನೆಯ ವರ್ಷ ಎರಾಸ್ಮಸ್ ಮೋರ್‌ನ ಮಗಳು ಮಾರ್ಗರೆಟ್‌ಳಿಗೆ ಕಾಗದ ಬರೆದು, ಚಿತ್ರದಲ್ಲಿ ಎಲ್ಲರನ್ನೂ ಗುರುತಿಸಿದ ಸಂತೋಷವನ್ನು ಹೇಳಿಕೊಂಡಿದ್ದಾನೆ. ಹೆಸರು, ವಯಸ್ಸು ಏಕೆ ಬರೆಸಿದರೆಂಬುದು ಇದರಿಂದ ಅರ್ಥವಾಗುತ್ತದೆ. ಕೆಲಸದ ಹಾಳೆಯಾಗಿ ಹುಟ್ಟಿದ್ದು ದೂರದ ಗೆಳೆಯನಿಗೆ ಮನೆಯವರನ್ನೆಲ್ಲ ಒಟ್ಟಿಗೆ ತೋರಿಸುವ ಉಡುಗೊರೆಯಾಗಿ ಮಾರ್ಪಟ್ಟಿತು. 1535ರಲ್ಲಿ ಮೋರ್‌ನಿಗೆ ಮರಣದಂಡನೆಯಾದದ್ದನ್ನು ಬಲ್ಲವರಿಗೆ ಈ ಹಾಳೆಯನ್ನು ನೋಡುವಾಗ ಎದೆ ಭಾರವಾಗದೆ ಇರದು.

ಪ್ರಶ್ನೆ: ವಿಂಡ್ಸರಿನ ಹಾಳೆಗಳ ಮೇಲಿರುವ ಹೆಸರುಗಳನ್ನು ನಂಬಬಹುದೇ? – ಮಂಗಳೂರಿನ ಓದುಗರು

ಬಹುಮಟ್ಟಿಗೆ ನಂಬಬಹುದು, ಪೂರ್ತಿಯಾಗಿ ಅಲ್ಲ. ಹೋಲ್ಬೈನ್ 1543ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ ಬಳಿಕ ಈ ಹಾಳೆಗಳು ಒಂದು ದೊಡ್ಡ ಪುಸ್ತಕವಾಗಿ ಕೈಯಿಂದ ಕೈಗೆ ಸಾಗಿದವು. ಆರನೆಯ ಎಡ್ವರ್ಡ್ ದೊರೆಯ ಗುರುವಾಗಿದ್ದ ಜಾನ್ ಚೀಕ್ ಅವುಗಳಲ್ಲಿರುವವರನ್ನು ಗುರುತಿಸಿ ಹೆಸರು ಹೇಳಿದನೆಂದು 1590ರ ಒಂದು ಪಟ್ಟಿ ತಿಳಿಸುತ್ತದೆ. ಈಗ ಹಾಳೆಗಳ ಮೇಲೆ ಕಾಣುವ ಅಕ್ಷರಗಳು ಆಮೇಲಿನವು. ಚೀಕ್ ಅರಮನೆಗೆ ಬರುವ ಮುನ್ನವೇ ಕೆಲವರು ತೀರಿಹೋಗಿದ್ದರು, ಆದ್ದರಿಂದ ತಪ್ಪುಗಳಾಗಿವೆ. ಎಡ್ವರ್ಡನ ದಾದಿಯ ಹೆಸರು ಬರೆದಿರುವ ಹಾಳೆಯಲ್ಲಿರುವುದು ವಾಸ್ತವವಾಗಿ ಮೋರ್‌ನ ಸಾಕುಮಗಳು ಮಾರ್ಗರೆಟ್ ಗಿಗ್ಸ್. ಬಾಸೆಲ್‌ನ ಕರಡಿನಲ್ಲಿ ಕ್ರಾಟ್ಸರ್ ಬರೆದ ಹೆಸರಿನೊಂದಿಗೆ ಹೋಲಿಸಿದಾಗ ಇದು ಸ್ಪಷ್ಟವಾಯಿತು. ಒಂದು ಕರಡು ಇನ್ನೊಂದು ಕರಡಿನ ತಪ್ಪನ್ನು ತಿದ್ದಿದ ಹಾಗಾಯಿತು. ಹೆನ್ರಿಯ ಎರಡನೆಯ ರಾಣಿ ಆನ್ ಬೊಲಿನ್‌ಳ ಹೆಸರಿರುವ ಹಾಳೆಯ ಬಗ್ಗೆ ವಿದ್ವಾಂಸರ ನಡುವೆ ವಾದ ಇನ್ನೂ ಮುಂದುವರಿದಿದೆ. ಹಾಳೆಗಳು ನಡುವೆ ಬಹುಕಾಲ ಮರೆತುಹೋಗಿದ್ದು, ಹದಿನೆಂಟನೆಯ ಶತಮಾನದಲ್ಲಿ ರಾಣಿ ಕ್ಯಾರೊಲಿನ್ ಕೆನ್ಸಿಂಗ್ಟನ್ ಅರಮನೆಯ ಒಂದು ಮೇಜಿನ ಕಪಾಟಿನಲ್ಲಿ ಅವನ್ನು ಕಂಡಳು.

ಪ್ರಶ್ನೆ: ನಾನು ಮೈಸೂರಿನಲ್ಲಿ ಚಿತ್ರಕಲೆ ಓದುತ್ತಿದ್ದೇನೆ. ನಮ್ಮ ಅಜ್ಜಿಯ ತೈಲವರ್ಣ ಬರೆಯಬೇಕೆಂದಿದ್ದೇನೆ. ಅವರಿಗೆ 84 ವರ್ಷ, ಹೆಚ್ಚು ಹೊತ್ತು ಕೂರಲಾರರು. ಫೋಟೊ ತೆಗೆದುಕೊಂಡು ಬರೆದರೆ ಸಾಲದೇ? – ಒಬ್ಬ ವಿದ್ಯಾರ್ಥಿನಿ

ಫೋಟೊ ತೆಗೆದುಕೊಳ್ಳಮ್ಮ, ಅದರಲ್ಲಿ ತಪ್ಪೇನಿಲ್ಲ. ಆದರೆ ಅಜ್ಜಿ ಎದುರಿಗಿರುವ ಹೊತ್ತನ್ನು ಫೋಟೊ ತೆಗೆಯುವುದರಲ್ಲಿ ಕಳೆಯಬೇಡ. ಅರ್ಧ ಗಂಟೆ ಕೂರುತ್ತಾರೆಂದರೆ ಅದು ಸಣ್ಣ ಕಾಲವಲ್ಲ. ಹಿಂದಿನ ದಿನವೇ ಹಾಳೆಗೆ ಅವರ ಮೈಬಣ್ಣಕ್ಕೆ ಹತ್ತಿರವಾದ ತೆಳುವಾದ ಲೇಪ ಕೊಟ್ಟು ಒಣಗಿಸಿಕೊ; ಮುಖದ ನಡುಬಣ್ಣ ಸಿದ್ಧವಿದ್ದರೆ ಗಾಢವಾದದ್ದನ್ನೂ ತಿಳಿಯಾದದ್ದನ್ನೂ ಮಾತ್ರ ಹಚ್ಚಿದರಾಯಿತು. ಅವರು ಯಾವಾಗಲೂ ಕೂರುವ ಜಾಗದಲ್ಲಿಯೇ ಕೂರಲಿ, ಅವರನ್ನು ಎಬ್ಬಿಸಿ ಬೆಳಕಿಗೆ ಎಳೆದು ತರಬೇಡ. ತಲೆ ಯಾವ ಕಡೆ ಎಷ್ಟು ತಿರುಗಿದೆ ಎಂಬುದನ್ನು ಮೊದಲ ಐದು ನಿಮಿಷದಲ್ಲಿ ತೀರ್ಮಾನಿಸಿಬಿಡು. ಆಮೇಲೆ ಕಣ್ಣು, ರೆಪ್ಪೆಯ ಅಂಚು, ಬಾಯಿ. ಹಲ್ಲು ಬಿದ್ದ ಬಾಯಿ ಒಳಕ್ಕೆ ಸರಿಯುವ ಬಗೆ ಒಬ್ಬೊಬ್ಬರಲ್ಲಿ ಒಂದೊಂದು ರೀತಿ. ಫೋಟೊದಲ್ಲಿ ಅದು ಬರಿಯ ನೆರಳಾಗಿ ಬರುತ್ತದೆ, ಎದುರಿಗೆ ಕುಳಿತಾಗ ಅದರ ಆಕಾರ ತಿಳಿಯುತ್ತದೆ.

ಸೀರೆಯನ್ನು ಬರೆಯಬೇಡ. ಅಂಚಿನ ಬಣ್ಣ, ಒಡಲಿನ ಬಣ್ಣ, ನೂಲೋ ರೇಷ್ಮೆಯೋ ಎಂಬುದನ್ನು ಪಕ್ಕದಲ್ಲಿ ಎರಡು ಮಾತಿನಲ್ಲಿ ಗುರುತು ಹಾಕಿಕೊ. ಸೀರೆ ಬೀರುವಿನಲ್ಲಿ ಇರುತ್ತದೆ, ಬೇಕಾದಾಗ ತೆಗೆದು ನೋಡಬಹುದು. ಓಲೆ, ಮೂಗುತಿ, ಬಳೆಗಳನ್ನೂ ಹಾಳೆಯ ಮೂಲೆಯಲ್ಲಿ ಬೇರೆಯಾಗಿ ಬಿಡಿಸಿಕೊ. ಕೈಗಳಿಗೆ ಮಾತ್ರ ಇನ್ನೊಂದು ದಿನ, ಇನ್ನೊಂದು ಹಾಳೆ ಇಟ್ಟುಕೊ. ಹೋಲ್ಬೈನ್ ಎರಾಸ್ಮಸ್‌ನ ಕೈಗಳಿಗಾಗಿಯೇ ಒಂದು ಹಾಳೆ ಮೀಸಲಿಟ್ಟಿದ್ದ, ಅದು ಲೂವ್ರ್‌ನಲ್ಲಿದೆ. ಅಜ್ಜಿ ಮಾತಾಡುತ್ತಿದ್ದರೆ ತಡೆಯಬೇಡ; ಮಾತು ನಿಲ್ಲಿಸಿದ ಮರುಕ್ಷಣ ತುಟಿ ಬಂದು ಕೂರುವ ಜಾಗವನ್ನು ನೋಡುತ್ತಿರು, ಗೆರೆಯನ್ನು ಆಗ ಎಳೆ. ತಪ್ಪಿದ ಗೆರೆಯನ್ನು ಅಳಿಸದೆ ಪಕ್ಕದಲ್ಲಿ ಇನ್ನೊಂದನ್ನು ಎಳೆದುಕೊ. ದಿನಾಂಕವನ್ನೂ ಅವರ ವಯಸ್ಸನ್ನೂ ಬರೆದು ಹಾಳೆಯನ್ನು ಜೋಪಾನವಾಗಿಡು, ತೈಲವರ್ಣ ಮುಗಿದ ಮೇಲೆ ಎರಡನ್ನೂ ನಮಗೆ ಕಳಿಸಿಕೊಡು.